ಬೇಸಿಗೆ ಶುರುವಾದ್ಮೇಲೆ 4 ವರ್ಷದ ಮಗ ರಾತ್ರಿ ಮಲಗ್ತಾನೇ ಇಲ್ಲ, ಪಾಪುಗೆ ಬೆವರುಸಾಲೆ, ನಿಮ್ಮನೇಲಿ ಹೇಗೆ ನಿಭಾಯಿಸ್ತೀರ?

ಇಬ್ಬರಮ್ಮ:

ಎಲ್ರಿಗೂ ನಮಸ್ಕಾರ, ಇಲ್ಲಿ ದಿನಾ ಓದ್ತೀನಿ ಆದ್ರೆ ಬರೀತಿರೋದು ಇದೇ ಮೊದಲು, ಸ್ವಲ್ಪ ಉದ್ದ ಆಗ್ಬಹುದು. ನಂಗೆ ಇಬ್ರು ಮಕ್ಕಳು, ಮಗನಿಗೆ 4 ವರ್ಷ, ಮಗಳಿಗೆ ಈಗ 5 ತಿಂಗಳು. ಚಳಿಗಾಲ ಪೂರ್ತಿ ಮಗ ರಾತ್ರಿ ಎಂಟೂವರೆಗೆಲ್ಲ ಮಲಗಿಬಿಡ್ತಿದ್ದ, ಕಥೆ ಹೇಳಿ ಲೈಟ್ ಆರಿಸಿದ್ರೆ ಹತ್ತು ನಿಮಿಷ ಸಾಕಿತ್ತು. ಬಿಸಿಲು ಏರೋಕೆ ಶುರುವಾಗಿ ಮೂರು ವಾರ ಆಯ್ತು, ಈಗ ಹತ್ತೂವರೆ ಹನ್ನೊಂದಾದ್ರೂ ಹಾಸಿಗೆ ಮೇಲೆ ಹೊರಳಾಡ್ತಾ ಇರ್ತಾನೆ, ಸೆಕೆ ಅಂತಾನೆ, ನೀರು ಅಂತಾನೆ, ಹೊದಿಕೆ ಬೇಡ ಅಂತಾನೆ ಆಮೇಲೆ ಬೇಕು ಅಂತಾನೆ, ಅಷ್ಟೊತ್ತಿಗೆ ಪಾಪು ಎದ್ದು ಅಳೋಕೆ ಶುರು ಮಾಡ್ತಾಳೆ.

ದಿನ ಹೆಂಗಿರುತ್ತೆ ಅಂದ್ರೆ, ಬೆಳಿಗ್ಗೆ ಮನೆ ಕೆಲಸ ಮುಗ್ಸೋ ಹೊತ್ತಿಗೆ ಹತ್ತು ಹತ್ತೂವರೆ, ಆಗ ಹೊರಗೆ ಕರ್ಕೊಂಡು ಹೋಗೋಣ ಅಂದ್ರೆ ಬಿಸಿಲು ಚುರುಗುಟ್ಟುತ್ತೆ, ಹಾಗಾಗಿ ಒಳಗೇ ಇರ್ತಾನೆ. ಮಧ್ಯಾಹ್ನ ಟಿವಿ ಹಾಕ್ತೀನಿ, ಎರಡು ಗಂಟೆ ಕೆಲವು ಸಲ ಮೂರು ಗಂಟೆನೂ ಆಗುತ್ತೆ, ನೋಡ್ತಾ ನೋಡ್ತಾ ಮೂರು ಮೂರೂವರೆಗೆ ನಿದ್ದೆ ಹೋಗ್ತಾನೆ, ಐದೂವರೆವರೆಗೂ ಏಳಲ್ಲ, ನಂಗೂ ಆ ಹೊತ್ತಲ್ಲಿ ಪಾಪು ಜೊತೆ ಒಂಚೂರು ಕಣ್ಣು ಮುಚ್ಚೋಕೆ ಆಗುತ್ತೆ ಅಂತ ನಾನೂ ಎಬ್ಸಲ್ಲ. ಎದ್ಮೇಲೆ ಏಳು ಗಂಟೆವರೆಗೂ ಬರೀ ರಂಪ. ಮೊನ್ನೆ ನೀಲಿ ಲೋಟ ತೊಳೆಯೋಕೆ ಹಾಕಿದ್ದೆ ಅಂತ ಹಸಿರು ಲೋಟದಲ್ಲಿ ನೀರು ಕೊಟ್ಟೆ, ಅದಕ್ಕೆ ನೆಲದ ಮೇಲೆ ಬಿದ್ದು ಅರ್ಧ ಗಂಟೆ ಅತ್ತ. ನಾನು ಕಿರುಚಿಬಿಟ್ಟೆ. ಪಾಪು ಹೆದರಿ ಅವಳೂ ಅತ್ಲು. ನಮ್ಮ ಮನೆಯವರು ಎಂಟಕ್ಕೆ ಬಂದಾಗ ಮೂರು ಜನಾನೂ ಅಳ್ತಾ ಇದ್ವಿ, ಅದು ಇನ್ನೂ ಮನಸ್ಸಲ್ಲೇ ಇದೆ, ಅದಕ್ಕೇ ಇವತ್ತು ಇಲ್ಲಿ ಬರೀತಿದ್ದೀನಿ.

ಇನ್ನೊಂದು ವಿಷಯ, ಪಾಪುಗೆ ಕತ್ತಿನ ಮಡಿಕೆಯಲ್ಲಿ, ಬೆನ್ನಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದಿದೆ, ಬೆವರುಸಾಲೆ ಅನ್ಸುತ್ತೆ. ಪೌಡರ್ ಹಾಕ್ತಿದ್ದೀನಿ ಕಮ್ಮಿ ಆಗ್ತಿಲ್ಲ. ಅತ್ತೆ ಈ ಸೆಕೆಗೆ ಮಗು ಬಾಯಿ ಒಣಗುತ್ತೆ ದಿನಕ್ಕೆ ಎರಡು ಮೂರು ಚಮಚ ನೀರು ಕುಡಿಸು ಅಂತಾರೆ, ನಾನು ಎದೆಹಾಲು ಮಾತ್ರ ಕೊಡ್ತಿದ್ದೀನಿ, ಬೇಡ ಅಂತ ಹೇಳೋಕೂ ಆಗ್ತಿಲ್ಲ ಕೊಡೋಕೂ ಧೈರ್ಯ ಇಲ್ಲ. ಅನುಭವ ಇರೋರು ದಯವಿಟ್ಟು ಹೇಳಿ, ಮಗನ ಮಧ್ಯಾಹ್ನದ ನಿದ್ದೆ ಪೂರ್ತಿ ನಿಲ್ಲಿಸ್ಬೇಕಾ?

ಅವಳಿಗಳ ತಾಯಿ:

ಅಯ್ಯೋ ನಿಮ್ಮ ಸಂಜೆ ಓದಿ ನಂಗೆ ನನ್ನ ಎರಡು ವರ್ಷದ ಹಿಂದಿನ ಸಂಜೆಗಳು ಕಣ್ಮುಂದೆ ಬಂದ್ವು. ನಮ್ಮ ಅವಳಿಗಳಿಗೆ ಆಗ ಮೂರೂವರೆ. ನಾನು ಎರಡು ತಿಂಗಳು ಪೂರ್ತಿ ಅದೇ ಹಳೇ ಎಂಟೂವರೆ ಗಂಟೆ ಹಿಡ್ಕೊಂಡು ಒದ್ದಾಡಿದೆ, ರೂಮಿಗೆ ಕರ್ಕೊಂಡು ಹೋಗೋದು, ಅವರು ಎದ್ದು ಬರೋದು, ಮತ್ತೆ ಮಲಗ್ಸೋದು, ಬೈಯೋದು. ಆಮೇಲೆ ಗೊತ್ತಾಯ್ತು ಬೇಸಿಗೆಯಲ್ಲಿ ದಿನಾನೇ ಬೇರೆ ಥರ ಇರುತ್ತೆ, ಚಳಿಗಾಲದ ಟೈಮ್‌ಟೇಬಲ್ ಅದಕ್ಕೆ ಕೂರಲ್ಲ ಅಂತ. ಸೂರ್ಯ ಹೇಗೆ ನಡೀತಾನೋ ಹಾಗೆ ಮನೆ ಕೆಲಸಾನೂ ಸರಿಸ್ಕೋಬೇಕು.

ನಿಮ್ಮ ಕೇಸಲ್ಲಿ ನಂಗೆ ಮೊದಲು ಕಣ್ಣಿಗೆ ಬಿದ್ದಿದ್ದು ಮೂರೂವರೆಯಿಂದ ಐದೂವರೆ ನಿದ್ದೆ. 3ರಿಂದ 5 ವರ್ಷದ ಮಕ್ಕಳಿಗೆ 24 ಗಂಟೆಯಲ್ಲಿ ಒಟ್ಟು 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ್ದೂ ಸೇರಿಸಿ. ಎರಡು ಗಂಟೆ ಸಂಜೆ ಹೊತ್ತಿಗೇ ತಿಂದುಬಿಟ್ರೆ ರಾತ್ರಿ ಎಂಟೂವರೆಗೆ ಅವನಿಗೆ ನಿದ್ದೆ ಎಲ್ಲಿಂದ ಬರ್ಬೇಕು ಹೇಳಿ, ಎದ್ದು ಮೂರೇ ಗಂಟೆ ಆಗಿರುತ್ತೆ. ಅದನ್ನ ಪೂರ್ತಿ ನಿಲ್ಲಿಸ್ಬೇಡಿ, ಅದ್ರಲ್ಲೂ ಇಂಥ ಸೆಕೆಯಲ್ಲಿ, ನಿಲ್ಸಿದ್ರೆ ಸಂಜೆ ರಂಪ ಇನ್ನೂ ಜಾಸ್ತಿ ಆಗುತ್ತೆ. ಊಟ ಬೇಗ ಮಾಡ್ಸಿ ಒಂದು ಗಂಟೆಗೆ ಮಲಗ್ಸಿ, ಎರಡಕ್ಕೆ ಹೆಚ್ಚು ಅಂದ್ರೆ ಎರಡೂ ಕಾಲಿಗೆ ಎಬ್ಸಿ. ಎಬ್ಸುವಾಗ ಲೈಟ್ ಹಾಕಿ ಹೆಸರು ಕೂಗ್ಬೇಡಿ, ಕರ್ಟನ್ ಸ್ವಲ್ಪ ಸರ್ಸಿ ಪಕ್ಕ ಕೂತು ಬೆನ್ನು ಸವರಿ, ಹದಿನೈದು ನಿಮಿಷ ಮಡಿಲಲ್ಲೇ ಇರ್ಲಿ. ನಮ್ಮ ಚಿಕ್ಕೋಳಿಗೆ ಈ ಹದಿನೈದು ನಿಮಿಷ ತಪ್ಪಿದ್ರೆ ಸಾಯಂಕಾಲ ಪೂರ್ತಿ ಹೋಯ್ತು ಅಂತ ಲೆಕ್ಕ.

ಹೊರಗಡೆ ಆಟ ಬೆಳಿಗ್ಗೆ ಎದ್ದ ತಕ್ಷಣ, ಮುಖ ತೊಳ್ಸಿ ಏನಾದ್ರೂ ಸ್ವಲ್ಪ ತಿನ್ಸಿ ಹೊರಟುಬಿಡಿ. ಕಸ ಪಾತ್ರೆ ಎಲ್ಲ ಬಿಸಿಲೇರಿದ್ಮೇಲೆ ಮಾಡ್ಕೊಳ್ಳಿ, ಅದು ಒಳಗಿನ ಕೆಲಸ ತಾನೆ. ಇದೊಂದು ಅದಲುಬದಲು ಮಾಡಿದ್ದೇ ನಮ್ಮನೇಲಿ ಅರ್ಧ ಸರಿ ಹೋಯ್ತು. ಬೆಳಗಿನ ಬೆಳಕು ಕಣ್ಣಿಗೆ ಬಿದ್ರೆ ರಾತ್ರಿ ನಿದ್ದೆನೂ ಬೇಗ ಬರುತ್ತೆ, ದೇಹದ ಗಡಿಯಾರ ಬೆಳಕು ನೋಡ್ಕೊಂಡೇ ನಡೆಯೋದು. ಅದೇ ಲೆಕ್ಕದಲ್ಲಿ ಮಲಗೋಕೆ ಒಂದು ಗಂಟೆ ಮುಂಚೆ ಮನೆ ಬೆಳಕು ಕಮ್ಮಿ ಮಾಡಿ, ಚಿಕ್ಕ ಮಕ್ಕಳಲ್ಲಿ ಸಂಜೆ ಜೋರು ಬೆಳಕು ಮೆಲಟೋನಿನ್ ಅನ್ನೋ ನಿದ್ದೆ ಹಾರ್ಮೋನನ್ನ ತುಂಬಾ ತಗ್ಗಿಸಿಬಿಡುತ್ತೆ. ಹೊರಗೆ ಇನ್ನೂ ಬೆಳಕಿದ್ರೆ ದಪ್ಪ ಕರ್ಟನ್ ಹಾಕ್ಬೇಕು, ಇಲ್ಲಾಂದ್ರೆ ಕಿಟಕಿಗೆ ಗಾಢ ಬಣ್ಣದ ಬೆಡ್‌ಶೀಟ್ ಕಟ್ಟಿದ್ರೂ ನಡೆಯುತ್ತೆ, ನಾನು ಮೊದಲ ವರ್ಷ ಅದನ್ನೇ ಮಾಡಿದ್ದು.

ರೂಮ್ ಸೆಕೆ ಬಗ್ಗೆ ಒಂದು ಮಾತು. ನಮ್ಮ ಮಕ್ಕಳ ರೂಮ್ ಪಶ್ಚಿಮಕ್ಕಿದೆ, ಸಂಜೆ ಬಿಸಿಲು ಪೂರ್ತಿ ಆ ಗೋಡೆ ಮೇಲೇ ಬೀಳುತ್ತೆ, ರಾತ್ರಿ ಒಂಬತ್ತಕ್ಕೆ ಗೋಡೆ ಮುಟ್ಟಿದ್ರೆ ಇನ್ನೂ ಬಿಸಿ. ಹಗಲು ಕಿಟಕಿ ತೆಗೆದಿಟ್ರೆ ಗಾಳಿ ಬರುತ್ತೆ ಅಂತ ತೆಗೆದಿಡ್ತಿದ್ದೆ, ಅದೇ ತಪ್ಪಾಗ್ತಿತ್ತು, ಹೊರಗಿನ ಬಿಸಿ ಗಾಳಿನ ಒಳಗೆ ಕರೀತಿದ್ದೆ. ಈಗ ಆ ಕಿಟಕಿಗೆ ಬಿಸಿಲು ಬೀಳೋಕೆ ಮುಂಚೆನೇ ಕರ್ಟನ್ ಎಳೆದು ಕಿಟಕಿ ಮುಚ್ತೀನಿ, ಹೊರಗೆ ತಣ್ಣಗಾದ್ಮೇಲೆ ಎದುರುಬದುರು ಕಿಟಕಿ ತೆಗೀತೀನಿ, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗ್ಬೇಕು. ಇಷ್ಟಾದ್ರೂ ಸೆಕೆ ಅಂದ್ರೆ ಹಾಸಿಗೆನ ಮನೆಯ ತಣ್ಣಗಿರೋ ಮೂಲೆಗೆ ತಗೊಂಡು ಹೋಗಿ, ಒಂದೆರಡು ತಿಂಗಳು ಮಕ್ಕಳು ಹಾಲ್‌ನಲ್ಲಿ ಮಲಗಿದ್ರೆ ಏನೂ ಆಗಲ್ಲ.

ಮಕ್ಕಳ ವಾರ್ಡ್ ನರ್ಸ್:

ಇಬ್ಬರಮ್ಮ ಅವರೇ, ಪಾಪು ವಿಷಯ ನಾನು ಹೇಳ್ತೀನಿ, ಹದಿನೈದು ವರ್ಷದಿಂದ ಮಕ್ಕಳ ವಾರ್ಡಲ್ಲೇ ಇದ್ದೀನಿ, ಬೇಸಿಗೆ ಬಂತು ಅಂದ್ರೆ ಇದೇ ಪ್ರಶ್ನೆಗಳು.

ನೀರು ಕೊಡ್ಬೇಡಿ. 6 ತಿಂಗಳು ತುಂಬೋವರೆಗೆ ಎದೆಹಾಲು ಬಿಟ್ರೆ ನೀರು ಸಮೇತ ಬೇರೆ ಏನೂ ಬೇಡ, ಎಷ್ಟೇ ಸೆಕೆ ಇರ್ಲಿ. ಎದೆಹಾಲಲ್ಲಿ ನೂರಕ್ಕೆ ಹೆಚ್ಚುಕಮ್ಮಿ 87 ಭಾಗ ನೀರೇ ಇರೋದು. ನೀರು ಕುಡಿಸಿದ್ರೆ ಪುಟ್ಟ ಹೊಟ್ಟೆ ಅದರಲ್ಲೇ ತುಂಬಿ ಹಾಲು ಕಮ್ಮಿ ಕುಡಿಯುತ್ತೆ, ಇನ್ನು ಜಾಸ್ತಿ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರೋ ಅಪಾಯಾನೂ ಇದೆ, ಅಷ್ಟು ಸಣ್ಣ ಮಕ್ಕಳ ಕಿಡ್ನಿಗೆ ಹೆಚ್ಚಿನ ನೀರು ಹೊರಹಾಕೋ ಶಕ್ತಿ ಇನ್ನೂ ಪೂರ್ತಿ ಬಂದಿರಲ್ಲ. ಸೆಕೆ ದಿನ ಪಾಪು ಪದೇ ಪದೇ ಹಾಲು ಕೇಳ್ತಾಳೆ, ಸ್ವಲ್ಪ ಸ್ವಲ್ಪ ಕುಡಿದು ಬಿಡ್ತಾಳೆ, ಅದು ಅವಳು ಬಾಯಾರಿಕೆ ತೀರಿಸ್ಕೊಳ್ಳೋ ರೀತಿ, ಹಾಲು ಸಾಲ್ತಿಲ್ಲ ಅಂತ ಹೆದರ್ಬೇಡಿ. ನೀರು ಕುಡಿಯಬೇಕಾದೋರು ನೀವು. ಹಾಲು ಕುಡಿಸೋಕೆ ಕೂತಾಗಲೆಲ್ಲ ಪಕ್ಕದಲ್ಲಿ ನಿಮಗೆ ಒಂದು ದೊಡ್ಡ ಲೋಟ ನೀರು ಇಟ್ಕೊಳ್ಳಿ.

ಸಾಕಾಗ್ತಿದೆಯಾ ಇಲ್ವಾ ಅಂತ ಡೈಪರ್ ನೋಡಿದ್ರೇ ಗೊತ್ತಾಗುತ್ತೆ. ದಿನಕ್ಕೆ 6 ಸಲ ಅಥವಾ ಅದಕ್ಕಿಂತ ಜಾಸ್ತಿ ಚೆನ್ನಾಗಿ ಒದ್ದೆ ಆಗ್ತಿದ್ರೆ, ಮೂತ್ರ ತಿಳಿಯಾಗಿದ್ರೆ ನಿಶ್ಚಿಂತೆಯಿಂದಿರಿ. ಆರೇಳು ಗಂಟೆ ಆದ್ರೂ ಡೈಪರ್ ಒಣಗೇ ಇದ್ರೆ, ನೆತ್ತಿ ಮೇಲಿನ ಮೆತ್ತನೆ ಜಾಗ ಒಳಗೆ ಹೋದಂಗೆ ಕಂಡ್ರೆ, ಅತ್ರೆ ಕಣ್ಣೀರು ಬರ್ದೇ ಇದ್ರೆ, ಎಬ್ಸಿದ್ರೂ ಮಂಕಾಗೇ ಇದ್ರೆ ಇಲ್ಲಿ ಕೇಳ್ತಾ ಕೂರ್ಬೇಡಿ, ತಕ್ಷಣ ಡಾಕ್ಟರ್ ಹತ್ರ ಹೋಗಿ.

ಬೆವರುಸಾಲೆಗೆ ಪೌಡರ್ ಇವತ್ತೇ ನಿಲ್ಲಿಸಿ. ಬೆವರು ಬರೋ ಸಣ್ಣ ನಾಳಗಳು ಮುಚ್ಕೊಂಡು ಬೆವರು ಚರ್ಮದೊಳಗೇ ನಿಂತು ಆಗೋದು ಅದು, ಮಕ್ಕಳಲ್ಲಿ ಆ ನಾಳಗಳು ಇನ್ನೂ ಸರಿಯಾಗಿ ಬೆಳೆದಿರಲ್ಲ ಅದಕ್ಕೇ ಬೇಗ ಬರುತ್ತೆ. ಪೌಡರು ಬೆವರಿನ ಜೊತೆ ಸೇರಿ ಮಡಿಕೆಯಲ್ಲಿ ಪೇಸ್ಟ್ ಥರ ಕೂರುತ್ತೆ, ಮೇಲಾಗಿ ಆ ಧೂಳು ಮಗು ಉಸಿರಲ್ಲಿ ಒಳಗೆ ಹೋಗುತ್ತೆ ಅದು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಎಣ್ಣೆ, ಗಟ್ಟಿ ಕ್ರೀಮೂ ಬೇಡ. ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳ್ದು, ಕತ್ತಿನ ಮಡಿಕೆ ಬೆರಳಲ್ಲಿ ಬಿಡಿಸಿ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ, ಐದು ಹತ್ತು ನಿಮಿಷ ಬಟ್ಟೆ ಇಲ್ದೆ ಗಾಳಿಗೆ ಬಿಡಿ, ಆಮೇಲೆ ತೆಳು ಕಾಟನ್ ಒಂದೇ ಪದರ. ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತೆ. ಕೀವು ಬಂದ್ರೆ, ಜ್ವರ ಬಂದ್ರೆ ತೋರಿಸಿ. ಮಗುಗೆ ಸೆಕೆ ಆಗ್ತಿದೆಯಾ ಅಂತ ಕೈಕಾಲು ಮುಟ್ಟಿ ನೋಡ್ಬೇಡಿ ಅವು ಸಾಮಾನ್ಯವಾಗಿ ತಣ್ಣಗೇ ಇರ್ತವೆ, ಕತ್ತಿನ ಹಿಂದೆ ಅಥವಾ ಎದೆ ಮುಟ್ಟಿ, ಬೆವರಿದ್ರೆ ಒಂದು ಪದರ ತೆಗೀರಿ. ಫ್ಯಾನ್ ಹಾಕಿ, ಗಾಳಿ ಸೀದಾ ಮುಖಕ್ಕೆ ಹೊಡೀದೇ ಇದ್ರೆ ಸಾಕು. ಮನೆಯೊಳಗೆ ಟೋಪಿ ಸಾಕ್ಸ್ ಬೇಡ, ತಲೆಯಿಂದಾನೇ ಮಕ್ಕಳ ಮೈ ಬಿಸಿ ತುಂಬಾ ಹೊರಗೆ ಹೋಗೋದು.

ಹೊರಗೆ ಹೋಗುವಾಗ ಪಾಪು ನೆರಳಲ್ಲೇ ಇರ್ಲಿ, ನೇರ ಬಿಸಿಲಿಗೆ ಬೇಡ. ತಳ್ಳೋ ಗಾಡಿಗೆ ಬಿಸಿಲು ಬೀಳಬಾರದು ಅಂತ ಮೇಲೆ ಬಟ್ಟೆ ಹೊದಿಸ್ತಾರೆ ನೋಡಿ, ಅದು ಬೇಡವೇ ಬೇಡ, ಗಾಳಿ ಆಡ್ದೆ ಒಳಗೆ ಬಿಸಿ ಏರಿಬಿಡುತ್ತೆ. ದೊಡ್ಡವನಿಗೆ ಅಗಲ ಅಂಚಿನ ಟೋಪಿ ಮತ್ತೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ನೀರಲ್ಲಿ ಆಡಿದ್ರೆ ಆಡಿದ ತಕ್ಷಣ.

ರಾತ್ರಿಪಾಳಿ ಅಪ್ಪ:

ನರ್ಸ್ ಮೇಡಂ ಹೇಳಿದ್ಮೇಲೆ ಪಾಪು ಬಗ್ಗೆ ನಾನು ಮಾತಾಡಲ್ಲ, ಮಗನ ಸಂಜೆ ಬಗ್ಗೆ ಹೇಳ್ತೀನಿ. ನಂದು ರಾತ್ರಿ ಪಾಳಿ, ಹಾಗಾಗಿ ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗೂ ಮಗಳನ್ನ ನೋಡ್ಕೊಳ್ಳೋದು ನಾನೇ, ಅವಳಿಗೂ 4 ವರ್ಷ.

ಅಕ್ಕ, ಆ ಹಸಿರು ಲೋಟದ ಜಗಳ ನಮ್ಮನೇಲಿ ಚಪ್ಪಲಿ ವಿಷಯಕ್ಕೆ ಆಗ್ತಿತ್ತು. ಒಂದಿನ ನಾನು ಗಮನಿಸಿದ್ದು, ಅವಳು ಎದ್ದು ಒಂದು ಗಂಟೆ ಆದ್ರೂ ಏನೂ ಕುಡ್ದೇ ಇರ್ಲಿಲ್ಲ, ಬೆವರಿ ತಲೆ ಕೂದಲೆಲ್ಲ ಒದ್ದೆ. ಈ ವಯಸ್ಸಲ್ಲಿ ಆಟದ ಮಧ್ಯೆ ಬಾಯಾರಿಕೆ ಆಗಿದೆ ಅಂತ ಅವರಿಗೇ ಗೊತ್ತಾಗಲ್ಲ, ಗೊತ್ತಾಗೋ ಹೊತ್ತಿಗೆ ಸಿಟ್ಟು ಬಂದಿರುತ್ತೆ. ಈಗ ಎದ್ದ ತಕ್ಷಣ ಮಾತಾಡೋಕೂ ಮುಂಚೆ ನೀರಿನ ಬಾಟಲಿ ಕೈಗೆ, ಜೊತೆಗೆ ಕತ್ತರಿಸಿದ ಹಣ್ಣು ರೆಡಿ. ನೀರು ಬೇಕಾ ಅಂತ ಕೇಳಲ್ಲ, ಕೇಳಿದ್ರೆ ಬೇಡ ಅಂತಾನೇ ಹೇಳ್ತಾಳೆ, ಸುಮ್ನೆ ಪಕ್ಕದಲ್ಲಿಟ್ಟು ನಾನೂ ಕುಡೀತೀನಿ.

ಆಮೇಲೆ ಸಂಜೆ ಐದರಿಂದ ಆರು ನೀರಾಟ. ಒಂದು ಅಗಲ ಟಬ್, ನಾಲ್ಕು ಬೆರಳು ನೀರು, ಒಂದಷ್ಟು ಡಬ್ಬಿ, ಸೋಸೋ ಜರಡಿ, ಹಳೇ ಬ್ರಷ್. ನೆಲಕ್ಕೆ ನೀರಲ್ಲಿ ಬಣ್ಣ ಬಳಿಯೋದು ಅವಳ ಇಷ್ಟದ ಕೆಲಸ, ಬಿಸಿಲಿಗೆ ಅದು ಒಣಗಿ ಮಾಯ ಆಗುತ್ತೆ ಮತ್ತೆ ಬಳೀತಾಳೆ, ಹಿಂಗೆ ಮುಕ್ಕಾಲು ಗಂಟೆ ಹೋಗುತ್ತೆ. ಆದ್ರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಟಬ್ ಹತ್ರದಿಂದ ಒಂದು ನಿಮಿಷಕ್ಕೂ ಏಳಬೇಡಿ, ಫೋನ್ ಬಂದ್ರೂ ಏಳಬೇಡಿ. ಬರೀ 5 ಸೆಂಟಿಮೀಟರ್ ನೀರಲ್ಲೂ ಚಿಕ್ಕ ಮಗು ಮುಳುಗಬಹುದು, ಸದ್ದೇ ಬರಲ್ಲ. ಮಗಳಿಗೆ ಒಂದೂವರೆ ವರ್ಷ ಇದ್ದಾಗ ನಾನು ಟವೆಲ್ ತರೋಕೆ ಅಂತ ಒಳಗೆ ಹೋಗಿ ಬಂದೆ, ಅಷ್ಟರಲ್ಲಿ ಬಕೆಟ್ ಒಳಗೆ ಬಗ್ಗಿ ಮುಖ ನೀರಿಗೆ ತಾಗಿತ್ತು, ಕಾಲು ನೆಲದಿಂದ ಮೇಲಿತ್ತು. ಎತ್ಕೊಂಡೆ, ಕೆಮ್ಮಿದ್ಲು, ಏನೂ ಆಗ್ಲಿಲ್ಲ, ಆದ್ರೆ ಆ ಕಾಲು ನಂಗೆ ಇವತ್ತಿಗೂ ಕಾಣುತ್ತೆ. ಆಟ ಮುಗಿದ ಕ್ಷಣಕ್ಕೆ ಟಬ್ ಬಗ್ಗಿಸಿ ಖಾಲಿ ಮಾಡಿ ಮಗುಚಿ ಇಡ್ತೀನಿ, ಬಾತ್‌ರೂಮ್ ಬಕೆಟ್ಟೂ ಖಾಲಿ. ನಿಮ್ಮ ಪಾಪು ಇನ್ನೊಂದೆರಡು ತಿಂಗಳಲ್ಲಿ ತೆವಳೋಕೆ ಶುರು ಮಾಡ್ತಾಳೆ, ಈಗಿಂದಾನೇ ಅಭ್ಯಾಸ ಮಾಡ್ಕೊಳ್ಳಿ.

ಮನೆಯವರು ಎಂಟಕ್ಕೆ ಬರ್ತಾರೆ ಅಂದ್ರಿ. ಅಪ್ಪ ಬಂದ್ರೆ ಮಕ್ಕಳಿಗೆ ಜೀವ ಬರುತ್ತೆ, ಅವರ ಜೊತೆ ಕುಣಿದಾಟ ಶುರುವಾದ್ರೆ ಒಂಬತ್ತೂವರೆವರೆಗೂ ಮೈ ಬಿಸಿ ಇಳಿಯಲ್ಲ. ಆ ಹೊತ್ತಿಗೆ ಸ್ನಾನ ಮಾಡ್ಸೋ ಕೆಲಸ ಅವರಿಗೆ ಕೊಟ್ಟುಬಿಡಿ. ಉಗುರುಬೆಚ್ಚಗಿನ ನೀರೇ ಇರ್ಲಿ, ತಣ್ಣೀರು ಹಾಕಿದ್ರೆ ಮೈ ನಡುಗಿ ಇನ್ನೂ ಎಚ್ಚರ ಆಗ್ತಾರೆ, ಬೆಚ್ಚಗಿನ ನೀರಾದ್ರೆ ಚರ್ಮದ ರಕ್ತನಾಳ ಅಗಲ ಆಗಿ ಒಳಗಿನ ಬಿಸಿ ಹೊರಗೆ ಹೋಗುತ್ತೆ, ಮೈ ಒಳಗಿನ ಬಿಸಿ ಇಳಿಯೋವಾಗ್ಲೇ ನಿದ್ದೆ ಬರೋದು. ಅಪ್ಪನ ಜೊತೆ ಆಟನೂ ಆಯ್ತು ಸ್ನಾನನೂ ಆಯ್ತು, ಆ ಇಪ್ಪತ್ತು ನಿಮಿಷ ನೀವು ಪಾಪು ಜೊತೆ ಸುಮ್ನೆ ಕೂರ್ಬಹುದು.

ಟಿವಿ ಬಗ್ಗೆ ತಪ್ಪು ಮಾಡ್ತಿದ್ದೀನಿ ಅಂತ ಕೊರಗ್ಬೇಡಿ, ಕೈಗೂಸು ಇಟ್ಕೊಂಡು ಇನ್ನೇನು ಮಾಡ್ತೀರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರದಿದ್ರೆ ಒಳ್ಳೇದು ಅಂತ. ಹನ್ನೊಂದರಿಂದ ಹನ್ನೆರಡು, ನೀವು ಅಡುಗೆ ಮಾಡೋ ಹೊತ್ತು, ಅಷ್ಟೇ ಇಟ್ಕೊಳ್ಳಿ. ನಿದ್ದೆಗೆ ಟಿವಿ ಬೇಡ.

ಮರೆತಿದ್ದೆ, ಬೆಳಿಗ್ಗೆ ಪಾರ್ಕಿಗೆ ಹೋದ್ರೂ ಜಾರುಬಂಡಿ ಲೋಹದ್ದಾಗಿದ್ರೆ ಮೊದಲು ನಿಮ್ಮ ಅಂಗೈ ಹಿಂಭಾಗ ಇಟ್ಟು ನೋಡಿ. ಕಾರ್ ಇದ್ರೆ ಸೀಟ್ ಬೆಲ್ಟ್ ಬಕಲ್ಲೂ ಹಾಗೇ ಸುಡುತ್ತೆ. ಎರಡೇ ನಿಮಿಷ ಅಂತ ಮಕ್ಕಳನ್ನ ಕಾರಲ್ಲಿ ಬಿಟ್ಟು ಇಳೀಬೇಡಿ, ಮುಚ್ಚಿದ ಕಾರೊಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತೆ, ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತೆ.

ಮೊಮ್ಮಕ್ಕಳಜ್ಜಿ:

ಮಗಳೇ, ನಾನು ಅಜ್ಜಿ, ನಿಮ್ಮತ್ತೆ ವಯಸ್ಸಿನೋಳು. ನಿಮ್ಮ ಅತ್ತೆ ಹೇಳಿದ್ದು ಮಗು ಮೇಲಿನ ಪ್ರೀತಿಗೇ. ನಾನೂ ನನ್ನ ಮಕ್ಕಳಿಗೆ ಮೂರನೇ ತಿಂಗಳಿಂದಾನೇ ಕಾಯಿಸಿ ಆರಿಸಿದ ನೀರು ಕುಡಿಸಿದ್ದೆ, ಆಗ ಡಾಕ್ಟರೇ ಕೊಡಿ ಅಂತಿದ್ರು. ಪೂರ್ತಿ 6 ತಿಂಗಳು ಎದೆಹಾಲು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2001ರಲ್ಲಿ, ಅದಕ್ಕೆ ಮುಂಚೆ 4ರಿಂದ 6 ತಿಂಗಳು ಅಂತಿತ್ತು. ನನ್ನ ಸೊಸೆ ಇದನ್ನ ನಂಗೆ ಹೇಗೆ ಹೇಳಿದ್ಲು ಗೊತ್ತಾ, ಅತ್ತೆ ಈ ಸಲ ಚುಚ್ಚುಮದ್ದಿಗೆ ನೀವೂ ಬನ್ನಿ, ನಿಮಗೇನು ಕೇಳ್ಬೇಕೋ ಡಾಕ್ಟರ್‌ನ ನೀವೇ ಕೇಳಿ ಅಂತ ಕರ್ಕೊಂಡು ಹೋದ್ಲು. ನಾನೇ ಕೇಳಿದೆ, ನನ್ನ ಕಿವಿಯಾರೆ ಕೇಳಿಸ್ಕೊಂಡೆ, ಮನೆಗೆ ಬಂದು ಬೇರೆಯವರಿಗೂ ನಾನೇ ಹೇಳ್ದೆ. ಸೊಸೆ ಬೇಡ ಅಂದಿದ್ರೆ ಮನಸ್ಸಿಗೆ ಚುಚ್ಚುತ್ತಿತ್ತು, ಸುಳ್ಳು ಹೇಳಲ್ಲ. ಅವರಿಗೆ ಬೇರೆ ಕೆಲಸ ಕೊಡಿ, ನೀವು ಹಾಲು ಕುಡಿಸೋವಾಗ ದೊಡ್ಡವನಿಗೆ ಕಥೆ ಹೇಳೋದು ಅವರದ್ದಾಗ್ಲಿ. ತಂಗಿ ಬಂದು ಐದು ತಿಂಗಳಾಯ್ತು ಅಲ್ವಾ, ಆ ಲೋಟದ ಅಳುವಿನಲ್ಲಿ ಅದೂ ಸ್ವಲ್ಪ ಇರುತ್ತೆ. ಕಿರುಚಿದ್ದಕ್ಕೆ ಮಗನ ಹತ್ರ ಕೂತು ಅಮ್ಮಂಗೆ ತುಂಬಾ ಸುಸ್ತಾಗಿತ್ತು ಕಂದ ಅಂತ ಹೇಳಿದ್ಯಾ? ಹೇಳು, ಅವನಿಗೆ ಅರ್ಥ ಆಗುತ್ತೆ.

ಇಬ್ಬರಮ್ಮ:

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಒಂಬತ್ತು ದಿನ ಆದ್ಮೇಲೆ ಬರೀತಿದ್ದೀನಿ. ಪಾಪು ಗುಳ್ಳೆ ಪೌಡರ್ ನಿಲ್ಸಿದ ನಾಲ್ಕನೇ ದಿನಕ್ಕೆ ಬೆನ್ನಲ್ಲಿ ಪೂರ್ತಿ ಹೋಯ್ತು, ಕತ್ತಲ್ಲಿ ಒಂಚೂರು ಇದೆ. ಡೈಪರ್ ಲೆಕ್ಕ ಇಟ್ಟೆ, ಏಳು ಎಂಟು ಆಗ್ತಿದೆ. ಮುಂದಿನ ವಾರ ಡಾಕ್ಟರ್ ಹತ್ರ ಅತ್ತೆನೂ ಬರ್ತಾರೆ, ಕರೆದಿದ್ದಕ್ಕೆ ಖುಷಿಯಾದ್ರು.

ಮಗನ್ನ ಮಧ್ಯಾಹ್ನ ಒಂದಕ್ಕೆ ಮಲಗ್ಸೋದು ಮೊದಲ ಮೂರು ದಿನ ಆಗ್ಲೇ ಇಲ್ಲ, ಎರಡು ದಿನ ನಿದ್ದೇನೇ ಮಾಡ್ದೆ ಸಂಜೆ ಆರಕ್ಕೆ ಊಟದ ತಟ್ಟೆ ಮುಂದೆ ನಿದ್ದೆ ಹೋದ, ತುಂಬಾ ಕಷ್ಟ ಆಯ್ತು. ನಾಲ್ಕನೇ ದಿನದಿಂದ ಸರಿ ಹೋಯ್ತು, ಬೆಳಿಗ್ಗೆ ಹೊರಗೆ ಓಡಾಡಿ ಬಂದಿರ್ತಾನಲ್ಲ ತಾನೇ ಕಣ್ಣುಜ್ಜಿಕೊಳ್ತಾನೆ. ರಾತ್ರಿ ಈಗ ಒಂಬತ್ತು ಒಂಬತ್ತೂಕಾಲಿಗೆ ಮಲಗ್ತಾನೆ, ಎಂಟೂವರೆ ಬೇಕು ಅನ್ನೋ ಹಠ ನಾನು ಬಿಟ್ಟಿದ್ದೀನಿ. ಸ್ನಾನ ಅಪ್ಪಂದು, ಬಾತ್‌ರೂಮಿಂದ ಇಬ್ರ ನಗು ಕೇಳುತ್ತೆ.

ಅಜ್ಜಿ, ನೀವು ಹೇಳಿದ್ದು ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, ಅಮ್ಮ ನಿಂಗೆ ಬಾಯಾರಿಕೆ ಆಗಿತ್ತಾ ಅಂತ ಕೇಳಿ ನೀಲಿ ಲೋಟದಲ್ಲಿ ನೀರು ತಂದುಕೊಟ್ಟ.

ಒಂದು ಡೌಟ್ ಉಳ್ದಿದೆ ನರ್ಸ್ ಮೇಡಂ, ಬೇಸಿಗೆ ಪ್ರಯಾಣಕ್ಕೆ ಅಂತ ಓಆರ್‌ಎಸ್ ಪ್ಯಾಕೆಟ್ ತಂದಿಟ್ಟಿದ್ದೀನಿ, ಮಗ ಬೆವರಿ ಬಂದಾಗಲೆಲ್ಲ ಕೊಡ್ಬಹುದಾ?

ಮಕ್ಕಳ ವಾರ್ಡ್ ನರ್ಸ್:

ಗುಳ್ಳೆ ಇಳಿದಿದ್ದು ಕೇಳಿ ಸಂತೋಷ ಆಯ್ತು. ಆಟ ಆಡಿ ಬೆವರಿದ್ದಕ್ಕೆ ಬರೀ ನೀರು ಸಾಕು, ಓಆರ್‌ಎಸ್ ಇರೋದು ಭೇದಿ ವಾಂತಿ ಆಗಿ ಮೈಯಿಂದ ನೀರೂ ಉಪ್ಪೂ ಹೋದಾಗ. ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತೋ ಅಷ್ಟಕ್ಕೇ ಪೂರ್ತಿ ಪ್ಯಾಕೆಟ್ ಕಲಸಿ, ದೊಡ್ಡದು 1 ಲೀಟರಿಗೆ ಇರುತ್ತೆ, ಅರ್ಧ ಪುಡಿ ಅಂದಾಜಲ್ಲಿ ಲೋಟಕ್ಕೆ ಹಾಕ್ಬೇಡಿ, ಗಟ್ಟಿಯಾದ್ರೆ ಉಪ್ಪು ಜಾಸ್ತಿ ಆಗಿ ತೊಂದರೆ ಆಗುತ್ತೆ, ತೆಳುವಾದ್ರೆ ಕೆಲಸ ಮಾಡಲ್ಲ. ಕಲಸಿದ್ದು 24 ಗಂಟೆ ಮೀರಿದ್ರೆ ಚೆಲ್ಲಿ ಹೊಸದು ಮಾಡಿ. ಭೇದಿ ಆದಾಗ ಒಂದೇ ಸಲ ಲೋಟ ತುಂಬಾ ಕುಡಿಸಿದ್ರೆ ವಾಂತಿ ಮಾಡ್ಕೊಳ್ತಾನೆ, ಚಮಚದಲ್ಲಿ ಒಂದೆರಡು ನಿಮಿಷಕ್ಕೊಂದು ಸಲ ಕೊಡ್ತಾ ಹೋಗಿ. ಪಾಪುಗೆ ಭೇದಿ ಶುರುವಾದ್ರೆ ಎದೆಹಾಲು ನಿಲ್ಲಿಸ್ಬೇಡಿ, ಇನ್ನೂ ಹೆಚ್ಚು ಸಲ ಕೊಡಿ, ಅವತ್ತೇ ಡಾಕ್ಟರ್‌ಗೆ ತೋರಿಸಿ. ಕತ್ತಿನ ಮಡಿಕೆ ಹಾಲು ಕುಡಿದಾದ್ಮೇಲೆ ಪ್ರತಿ ಸಲ ಒರೆಸಿ, ಹಾಲು ಇಳಿದು ಅಲ್ಲೇ ನಿಲ್ಲುತ್ತೆ, ಅದಕ್ಕೇ ಆ ಜಾಗ ಕೊನೆಗೆ ವಾಸಿ ಆಗೋದು.